ಮುಷ್ಕರ ಗಳಿಸಿಕೊಟ್ಟ ಹನ್ನೊಂದು ವರ್ಷ

ತಲಪಾಡಿಯಲ್ಲಿ ಕೇರಳದೊಳಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 66 ಕಾಸರಗೋಡು, ಕಣ್ಣೂರು ಹಾದು, ಕೊಚ್ಚಿಯ ವೈಟ್ಟಿಲ ಜಂಕ್ಷನ್ ದಾಟಿ ತಿರುವನಂತಪುರ ಮುಟ್ಟುತ್ತದೆ. ಸೆಕ್ರೆಟೇರಿಯಟ್ ಮುಂದೆ ಧರಣಿ ಕೂರಬೇಕೆಂದರೆ ಕಾಸರಗೋಡಿನ ಗುಮಾಸ್ತ ಹೆಚ್ಚುಕಡಿಮೆ ಇಡೀ ರಾಜ್ಯದ ಉದ್ದಕ್ಕೂ ಪ್ರಯಾಣಿಸಬೇಕು.

1956ರ ನವೆಂಬರ್ 1ರವರೆಗೆ ಆತನಿಗೆ ಈ ದಾರಿಯ ಗೊಡವೆಯೇ ಇರಲಿಲ್ಲ. ಕಾಸರಗೋಡು ಆಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲಾ ಕಚೇರಿ ಮಂಗಳೂರಿನಲ್ಲಿತ್ತು. ಕೇರಳ ರಚನೆಯಾದಾಗ ಮದ್ರಾಸಿನ ನೌಕರರೂ ತಿರುವಾಂಕೂರು–ಕೊಚ್ಚಿಯ ನೌಕರರೂ ಒಂದೇ ಸರ್ಕಾರದ ಕೈಕೆಳಗೆ ಬಂದರು. ಅಲ್ಲಲ್ಲಿ ಚದುರಿದ್ದ ಸಂಘಗಳು 1962ರ ಅಕ್ಟೋಬರ್‌ನಲ್ಲಿ ತ್ರಿಶೂರಿನಲ್ಲಿ ಕೂಡಿ ಕೇರಳ ಎನ್‌ಜಿಓ ಯೂನಿಯನ್ ಕಟ್ಟಿದವು. ಎನ್‌ಜಿಓ ಎಂದರೆ ಇಲ್ಲಿ ಗೆಜೆಟೆಡ್ ಅಲ್ಲದ ನೌಕರರು.

ಸಂಘಕ್ಕೆ ಹೆಸರು ತಂದದ್ದು 1973ರ ಮುಷ್ಕರ. ಅಚ್ಯುತ ಮೆನನ್ ಸರ್ಕಾರದ ಎದುರು ಜನವರಿ 10ರಂದು ಶುರುವಾದದ್ದು 54 ದಿನ ನಡೆಯಿತು. ಸಂಬಳವನ್ನೇ ನೆಚ್ಚಿಕೊಂಡ ಮನೆಗೆ ಅಷ್ಟು ದಿನ ‘ಡೈಸ್ ನಾನ್’, ಅಂದರೆ ಸಂಬಳವಿಲ್ಲದ ದಿನಗಳು, ಆದರೆ ಏನು ಗತಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ವರ್ಷದ ಜುಲೈನಿಂದ ಅನ್ವಯವಾದ ವೇತನ ಪರಿಷ್ಕರಣೆಯ ನಂತರ 1978, 1983, 1988ರಲ್ಲಿ, ಅಂದರೆ ಐದೈದು ವರ್ಷಕ್ಕೊಮ್ಮೆ, ಸಂಬಳ ಪರಿಷ್ಕರಣೆಯಾಗುತ್ತ ಬಂತು.

2002ರ ಜನವರಿಯಲ್ಲಿ ಖಜಾನೆ ಬರಿದಾಗಿದೆಯೆಂದು ಎ.ಕೆ. ಆಂಟನಿ ಸರ್ಕಾರ ರಜೆ ಸರೆಂಡರ್ (ಬಳಸದ ರಜೆಗೆ ಹಣ) ಮುಂತಾದ ಸವಲತ್ತುಗಳಿಗೆ ಕತ್ತರಿ ಹಾಕಿತು. ಹೊಸಬರ ಪಿಂಚಣಿಗೂ ಕುತ್ತು ಬಂತು. ಫೆಬ್ರವರಿ 6ರಿಂದ ನೌಕರರು, ಶಿಕ್ಷಕರು 32 ದಿನ ಕಚೇರಿ, ಶಾಲೆಗಳಿಂದ ಹೊರಗುಳಿದರು. ಜನರ ಸಹಾನುಭೂತಿ ಅವರ ಕಡೆಗಿತ್ತೆಂದು ಹೇಳುವುದು ಕಷ್ಟ. ಕೂಲಿಕಾರನಿಗಿಲ್ಲದ ಪಿಂಚಣಿ ಇವರಿಗೇಕೆ ಎಂಬ ಪ್ರಶ್ನೆಗೆ ಸಂಘದ ಬಳಿ ಸಲೀಸಾದ ಉತ್ತರವಿರಲಿಲ್ಲ. ಆದರೂ ಹಳೆಯ ಪಿಂಚಣಿ ಉಳಿಯಿತು.

ಅದರ ಬೆಲೆ ಗೊತ್ತಾಗುವುದು ಪಕ್ಕದ ರಾಜ್ಯದ ಲೆಕ್ಕ ನೋಡಿದಾಗ. ಹೊಸದಾಗಿ ಸೇರುವವರಿಗೆ ಕೇಂದ್ರ ಸರ್ಕಾರ 2004ರಲ್ಲಿ, ಕರ್ನಾಟಕ 2006ರಲ್ಲಿ ವಂತಿಗೆ ಪಿಂಚಣಿ, ಅಂದರೆ ನೌಕರನೂ ಸಂಬಳದಿಂದ ಪಾಲು ಕಟ್ಟುವ ಹೊಸ ಪಿಂಚಣಿ, ತಂದವು. ಕೇರಳ ತಂದದ್ದು 2013ರ ಏಪ್ರಿಲ್ 1ಕ್ಕೆ, ಅದೂ ಆ ಜನವರಿಯಲ್ಲಿ ಇನ್ನೊಂದು ಮುಷ್ಕರ ಎದುರಿಸಿದ ಮೇಲೆ. ಈ ಸಲ ಹೋರಾಟ ಆರು ದಿನಕ್ಕೇ ನಿಂತಿತು. 2010ರಲ್ಲಿ ಮಂಜೇಶ್ವರದಲ್ಲಿ ಕೆಲಸಕ್ಕೆ ಸೇರಿದ ಗುಮಾಸ್ತನಿಗೆ ಹಳೆಯ ಪಿಂಚಣಿ. ಅದೇ ವರ್ಷ ಮಂಗಳೂರಿನಲ್ಲಿ ಸೇರಿದ ಕರ್ನಾಟಕ ಸರ್ಕಾರದ ನೌಕರನಿಗೆ ಹೊಸದು.

1920ರಷ್ಟು ಹಿಂದೆಯೇ ಹುಟ್ಟಿದ ಕರ್ನಾಟಕದ ಸರ್ಕಾರಿ ನೌಕರರ ಸಂಘ 2023ರ ಮಾರ್ಚ್ 1ರಂದು ಮುಷ್ಕರಕ್ಕಿಳಿದಾಗ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಘೋಷಿಸಿತು. ನೌಕರರು ಅಂದೇ ಮುಷ್ಕರ ಕೈಬಿಟ್ಟರು. ಹಳೆಯ ಪಿಂಚಣಿಯ ಬೇಡಿಕೆ ಮಾತ್ರ ಬಾಕಿ ಉಳಿಯಿತು.