ರಿಂಗಿಟ್ ಬಿದ್ದ ವರ್ಷ: ಅಂಕಿಗಳಿಗೆ ಮೊದಲೇ ಗೊತ್ತಿತ್ತೇ?



ನಿಮ್ಮಲ್ಲಿ ಹಲವರು ಡೇಟಾ ಸೈನ್ಸ್ ಓದುತ್ತಿದ್ದೀರಿ. ಕೆಲವರು ಆಗಲೇ ಬ್ಯಾಂಕಿನಲ್ಲೋ ವಿಮಾ ಕಂಪನಿಯಲ್ಲೋ ‘ರಿಸ್ಕ್’ ವಿಭಾಗದಲ್ಲಿ ಕೂತಿದ್ದೀರಿ. ಮುಂದಿನ ವರ್ಷ ಯಾವ ದೇಶದಲ್ಲಿ ವ್ಯಾಪಾರ ಕೆಡಬಹುದು ಎಂದು ಯಂತ್ರದಿಂದ ಹೇಳಿಸುವ ಕೆಲಸ ನಿಮ್ಮ ಕಾಲದ್ದು ಎಂದು ನಿಮಗೆ ಅನಿಸಬಹುದು. ಆದರೆ ಅದರ ಒಂದು ದೊಡ್ಡ ಪರೀಕ್ಷೆ ನಿಮ್ಮಲ್ಲಿ ಬಹಳ ಜನ ಹುಟ್ಟುವ ಮೊದಲೇ, ಮಲೇಷ್ಯಾದಲ್ಲಿ ಮತ್ತು ಅದರ ಅಕ್ಕಪಕ್ಕದ ದೇಶಗಳಲ್ಲಿ ನಡೆದುಹೋಗಿದೆ. ಇವತ್ತು ಆ ಕಥೆ ಹೇಳುತ್ತೇನೆ.

1997ರ ಮೊದಲ ಭಾಗದಲ್ಲಿ ಒಂದು ಡಾಲರಿಗೆ ಸುಮಾರು 2.50 ರಿಂಗಿಟ್. ಅದಕ್ಕೆ ಹಿಂದಿನ ಸುಮಾರು ಹತ್ತು ವರ್ಷ ಮಲೇಷ್ಯಾ ವರ್ಷಕ್ಕೆ ಸರಾಸರಿ ಶೇ. 8ಕ್ಕೂ ಹೆಚ್ಚು ಬೆಳೆದಿತ್ತು. ಪೆಟ್ರೊನಾಸ್ ಅವಳಿ ಗೋಪುರ 1996ರಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡ ಎನಿಸಿಕೊಂಡಿತ್ತು. 1997ರ ಜುಲೈ 2ರಂದು ಪಕ್ಕದ ಥಾಯ್ಲೆಂಡ್ ತನ್ನ ಬಾತ್ ನಾಣ್ಯದ ಕೈಬಿಟ್ಟಿತು. ಜುಲೈ 14ಕ್ಕೆ ಮಲೇಷ್ಯಾದ ಬ್ಯಾಂಕ್ ನೆಗಾರಾ ಕೂಡ ರಿಂಗಿಟ್ ಅನ್ನು ಹಿಡಿದು ನಿಲ್ಲಿಸುವುದನ್ನು ಬಿಟ್ಟಿತು. 1998ರ ಜನವರಿಯಲ್ಲಿ ಒಂದು ಡಾಲರಿಗೆ 4.88 ರಿಂಗಿಟ್. ಶೇರು ಸೂಚ್ಯಂಕ 1997ರ ಆರಂಭದಲ್ಲಿ 1,200ರ ಮೇಲಿದ್ದದ್ದು 1998ರ ಸೆಪ್ಟೆಂಬರ್ 1ಕ್ಕೆ 262. ಆ ವರ್ಷ ದೇಶದ ಒಟ್ಟು ಉತ್ಪನ್ನ ಶೇ. 7ಕ್ಕೂ ಹೆಚ್ಚು ಕುಗ್ಗಿತು.

ಮನೆಯ ಲೆಕ್ಕದಲ್ಲಿ ಇದರ ಅರ್ಥ ಏನು? ಮಗಳನ್ನು ಅಮೆರಿಕದಲ್ಲಿ ಓದಿಸುತ್ತಿದ್ದ ತಂದೆಗೆ 10,000 ಡಾಲರ್ ಫೀಸು 25,000 ರಿಂಗಿಟ್ ಇದ್ದದ್ದು ಆರೇ ತಿಂಗಳಲ್ಲಿ 48,800 ಆಯಿತು. ಸಂಬಳ ಮಾತ್ರ ಅಷ್ಟೇ. ನಿಮ್ಮ ಮನೆಯವರು ಆಗ ಕ್ಲಾಂಗ್ ಕಣಿವೆಯಲ್ಲೋ ಪೆನಾಂಗಿನಲ್ಲೋ ಇದ್ದಿದ್ದರೆ ಒಮ್ಮೆ ಕೇಳಿ ನೋಡಿ. ಯಾರ ಕೆಲಸ ಹೋಯಿತು, ಯಾರು ಮನೆ ಮಾರಿದರು ಎಂದು ಅವರಿಗೆ ಇನ್ನೂ ನೆನಪಿರುತ್ತದೆ.

ಹಾಗಾದರೆ ಇದು ಯಾರಿಗೂ ಮೊದಲೇ ಗೊತ್ತಾಗಲಿಲ್ಲವೇ?

ಇಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಬರುತ್ತಾರೆ: ಗ್ರಾಸಿಯೆಲಾ ಕಮಿನ್ಸ್ಕಿ, ಸಾಲ್ ಲಿಝೊಂಡೊ, ಕಾರ್ಮೆನ್ ರೈನ್‌ಹಾರ್ಟ್. ಅವರ ಲೇಖನ ಐಎಂಎಫ್‌ನ ಪತ್ರಿಕೆಯಲ್ಲಿ ಅಚ್ಚಾದದ್ದು 1998ರಲ್ಲಿ. ಆದರೆ ಅವರು ಬಳಸಿದ ಅಂಕಿಗಳು 1970ರಿಂದ 1995ರವರೆಗಿನವು. 20 ದೇಶಗಳು, ಅವುಗಳಲ್ಲಿ ಮಲೇಷ್ಯಾವೂ ಒಂದು. ಒಟ್ಟು 76 ನಾಣ್ಯ ಬಿಕ್ಕಟ್ಟುಗಳು.

ಅವರ ವಿಧಾನ ಸರಳ. ರಫ್ತು, ಶೇರು ಬೆಲೆ, ವಿದೇಶಿ ವಿನಿಮಯದ ಸಂಗ್ರಹ, ನಾಣ್ಯದ ನಿಜವಾದ ಬೆಲೆ ತನ್ನ ವಾಡಿಕೆಯ ದಾರಿಯಿಂದ ಎಷ್ಟು ದೂರ ಸರಿದಿದೆ, ಇಂಥ ಒಂದೊಂದನ್ನೂ ತಿಂಗಳು ತಿಂಗಳು ನೋಡುವುದು. ಒಂದು ಗೆರೆ ಎಳೆಯುವುದು. ಅಂಕಿ ಗೆರೆ ದಾಟಿದರೆ ಅದು ಎಚ್ಚರಿಕೆಯ ಗಂಟೆ. ಗಂಟೆ ಹೊಡೆದ 24 ತಿಂಗಳೊಳಗೆ ಬಿಕ್ಕಟ್ಟು ಬಂದರೆ ಅದು ನಿಜವಾದ ಸಂಕೇತ, ಬರದಿದ್ದರೆ ಬರೀ ಗದ್ದಲ. ಗದ್ದಲ ಕಡಿಮೆಯಾಗಿ ಸಂಕೇತ ಹೆಚ್ಚಾಗುವಂತೆ, ಹಳೆಯ ಅಂಕಿಗಳನ್ನೇ ಉಜ್ಜಿ ಉಜ್ಜಿ, ಗೆರೆ ಎಲ್ಲಿರಬೇಕೆಂದು ಕಂಡುಕೊಳ್ಳುವುದು. ನಿಮ್ಮ ಮೇಷ್ಟ್ರು ಇದನ್ನು ಮಷೀನ್ ಲರ್ನಿಂಗ್ ಎನ್ನುತ್ತಾರೋ ಇಲ್ಲವೋ, ಒಂದೇ ಪ್ರಶ್ನೆ ಕೇಳುವ ಡಿಸಿಷನ್ ಟ್ರೀ ಮಾಡುವುದು ಬೇರೇನನ್ನೂ ಅಲ್ಲ.

ಆ ಗೆರೆ ಎಳೆಯುವುದೇ ಕಷ್ಟದ ಕೆಲಸ. ನೀವು ಅಪಾರ್ಟ್‌ಮೆಂಟಿನಲ್ಲಿ ಒಗ್ಗರಣೆ ಹಾಕಿದ್ದೀರಲ್ಲ? ಹೊಗೆಯ ಅಲಾರಂ ತೀರಾ ಸೂಕ್ಷ್ಮವಾಗಿದ್ದರೆ ಸಾಸಿವೆ ಸಿಡಿದಾಗಲೆಲ್ಲ ಕಿರುಚುತ್ತದೆ. ಎರಡು ದಿನ ನೋಡಿ ಅಮ್ಮ ಅದರ ಬ್ಯಾಟರಿ ತೆಗೆದಿಡುತ್ತಾರೆ. ಮಂದ ಮಾಡಿದರೆ ನಿಜವಾಗಿ ಬೆಂಕಿ ಹೊತ್ತಿದಾಗ ಅದು ಸುಮ್ಮನಿರುತ್ತದೆ. ಎಷ್ಟು ಸುಳ್ಳು ಗಂಟೆ ಸಹಿಸಬಹುದು ಎನ್ನುವುದನ್ನು ಗಣಿತ ಹೇಳುವುದಿಲ್ಲ, ಆ ಮನೆಯಲ್ಲಿ ಇರುವವರು ಹೇಳಬೇಕು.

1999ರಲ್ಲಿ ಐಎಂಎಫ್‌ನ ಆಂಡ್ರೂ ಬರ್ಗ್ ಮತ್ತು ಕ್ಯಾಥರೀನ್ ಪ್ಯಾಟಿಲೊ ಪ್ರಾಮಾಣಿಕವಾದ ಒಂದು ಪ್ರಶ್ನೆ ಕೇಳಿದರು. 1996ರ ಕೊನೆಯಲ್ಲಿ ನಮ್ಮ ಕೈಯಲ್ಲಿ ಇಂಥ ಮಾದರಿಗಳಿದ್ದಿದ್ದರೆ ಏಷ್ಯಾದ ಬಿಕ್ಕಟ್ಟು ಕಾಣುತ್ತಿತ್ತೇ? ಮೂರು ಮಾದರಿಗಳನ್ನು ಪರೀಕ್ಷಿಸಿದರು. ಎರಡು ಕೆಲಸಕ್ಕೆ ಬರಲಿಲ್ಲ. ಕಮಿನ್ಸ್ಕಿ ಬಳಗದ ಮಾದರಿ ಸ್ವಲ್ಪ ತಿಳಿಸಿತು, ಆದರೂ ನಂಬಿ ಕೂರುವಷ್ಟಲ್ಲ. ತಮ್ಮದೇ ಸಂಸ್ಥೆಯಲ್ಲಿ ಕೂತು ಇಷ್ಟು ನೇರವಾಗಿ ಬರೆದದ್ದು ನನಗೆ ಇಷ್ಟ.

ಯಾಕೆ ತಪ್ಪಿತು? 76 ಉದಾಹರಣೆ ಅಂದರೆ ಏನೇನೂ ಅಲ್ಲ. ಬೆಕ್ಕಿನ ಫೋಟೋ ಗುರುತಿಸಲು ನೀವು ಯಂತ್ರಕ್ಕೆ ಲಕ್ಷಗಟ್ಟಲೆ ಫೋಟೋ ತೋರಿಸುತ್ತೀರಿ. ಮಲೇಷ್ಯಾದ ವಿಷಯ ಇನ್ನೂ ವಿಚಿತ್ರ. ಅಲ್ಪಾವಧಿಯ ವಿದೇಶಿ ಸಾಲ ಅದಕ್ಕೆ ಥಾಯ್ಲೆಂಡ್, ಇಂಡೋನೇಷ್ಯಾ, ಕೊರಿಯಾಗಳಷ್ಟು ಇರಲಿಲ್ಲ. ಆ ಕಾಲಂ ನೋಡಿದರೆ ದೇಶ ಗಟ್ಟಿ. ರೋಗ ಇದ್ದದ್ದು ಒಳಗಿನ ಸಾಲದಲ್ಲಿ, ಕಟ್ಟಡಗಳಿಗೂ ಶೇರು ಖರೀದಿಗೂ ಬ್ಯಾಂಕುಗಳು ಸುರಿದ ಹಣದಲ್ಲಿ. ಅದರ ಮೇಲೆ ಪಕ್ಕದ ಮನೆಗೆ ಬೆಂಕಿ ಬಿದ್ದರೆ ನಮ್ಮ ಮನೆಗೂ ಹಬ್ಬುತ್ತದೆ ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಇನ್ನೊಂದಕ್ಕೂ ಕಾಲಂ ಇರಲಿಲ್ಲ: ಮಾತಿಗೆ. 1997ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಸಭೆ. ಅಲ್ಲಿ ಪ್ರಧಾನಿ ಮಹಾತಿರ್ ಮೊಹಮದ್ ನಾಣ್ಯದ ವ್ಯಾಪಾರವೇ ಅನೈತಿಕ, ಅದನ್ನು ನಿಲ್ಲಿಸಬೇಕು ಎಂದರು. ಮುಂದಿನ ವಾರ ಮಾರುಕಟ್ಟೆ ತೆರೆದಾಗ ರಿಂಗಿಟ್ ಮತ್ತೆ ಬಿತ್ತು. ಒಂದು ವರ್ಷದ ನಂತರ, 1998ರ ಸೆಪ್ಟೆಂಬರ್ 1ರಂದು, ಅವರ ಸರ್ಕಾರ ಬಂಡವಾಳ ಹೊರಹೋಗುವ ದಾರಿಗೆ ಬಾಗಿಲು ಹಾಕಿತು. ಮರುದಿನ ಡಾಲರಿಗೆ 3.80 ರಿಂಗಿಟ್ ಎಂದು ಕಟ್ಟಿಬಿಟ್ಟಿತು. ಆ ಗಂಟು ಬಿಚ್ಚಿದ್ದು 2005ರ ಜುಲೈ 21ರಂದು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮಗೆ ಬೇಕಾದ ವಿಷಯ ಇಷ್ಟೇ: ಆ ತೀರ್ಮಾನ ಯಾವ ಹಳೆಯ ಅಂಕಿಯಲ್ಲೂ ಇರಲಿಲ್ಲ.

ಈಗ ಉಪಕರಣಗಳು ಬದಲಾಗಿವೆ. ನೂರಾರು ಪ್ರಶ್ನೆಯ ಮರಗಳು ಒಟ್ಟಿಗೆ ವೋಟು ಹಾಕುವ ರ‍್ಯಾಂಡಮ್ ಫಾರೆಸ್ಟ್ ಇದೆ. ಐಎಂಎಫ್ 2021ರಲ್ಲಿ ಹಳೆಯ ಗೆರೆ ಎಳೆಯುವ ವಿಧಾನವನ್ನೂ ಯಂತ್ರ ಕಲಿಕೆಯ ವಿಧಾನಗಳನ್ನೂ ಹೋಲಿಸಿ ಒಂದು ಕೈಪಿಡಿ ಹೊರತಂದಿತು. ಮಾತನ್ನೂ ಈಗ ಎಣಿಸುತ್ತಾರೆ. ಅಮೆರಿಕದ ಫೆಡರಲ್ ರಿಸರ್ವ್‌ನ ಡಾರಿಯೊ ಕಾಲ್ಡಾರಾ ಮತ್ತು ಮ್ಯಾಟಿಯೊ ಯಾಕೊವಿಯೆಲ್ಲೊ ಪತ್ರಿಕೆಗಳಲ್ಲಿ ಯುದ್ಧ, ಭಯೋತ್ಪಾದನೆಯ ಸುದ್ದಿ ಎಷ್ಟಿದೆ ಎಂದು ಎಣಿಸಿ ಒಂದು ಸೂಚ್ಯಂಕ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಅದು ಓದುವ ಪತ್ರಿಕೆಗಳು 10. ಎಲ್ಲವೂ ಇಂಗ್ಲಿಷ್, ಅಮೆರಿಕ, ಬ್ರಿಟನ್, ಕೆನಡಾದವು.

ಇದು ಯಾಕೆ ಮುಖ್ಯ ಎಂದು ಕೇಳುತ್ತೀರಾ? 2019ರ ಸೆಪ್ಟೆಂಬರ್ 27ಕ್ಕೆ ಬನ್ನಿ. ಮತ್ತೆ ಪ್ರಧಾನಿಯಾಗಿದ್ದ ಅದೇ ಮಹಾತಿರ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಮಾತಾಡಿದರು, ದೆಹಲಿಗೆ ಸಿಟ್ಟು ಬಂತು. ಆ ವರ್ಷ ಮಲೇಷ್ಯಾದ ತಾಳೆ ಎಣ್ಣೆಯನ್ನು ಎಲ್ಲರಿಗಿಂತ ಹೆಚ್ಚು ಕೊಂಡದ್ದು ಭಾರತ. ಅಕ್ಟೋಬರಿನಲ್ಲೇ ಭಾರತದ ಖಾದ್ಯ ತೈಲ ವ್ಯಾಪಾರಿಗಳ ಸಂಘ ಮಲೇಷ್ಯಾದಿಂದ ಕೊಳ್ಳಬೇಡಿ ಎಂದು ತನ್ನ ಸದಸ್ಯರಿಗೆ ಹೇಳಿತು. 2020ರ ಜನವರಿ 8ರಂದು ಭಾರತ ಸರ್ಕಾರ ಶುದ್ಧೀಕರಿಸಿದ ತಾಳೆ ಎಣ್ಣೆಯ ಆಮದಿಗೆ ನಿರ್ಬಂಧ ಹಾಕಿತು. ಕಚ್ಚಾ ಎಣ್ಣೆಗೆ ಅಡ್ಡಿ ಇರಲಿಲ್ಲ. ಹಾಗಾಗಿ ನಷ್ಟ ಮಲೇಷ್ಯಾದ ಶುದ್ಧೀಕರಣ ಘಟಕಗಳಿಗೆ. ನಮ್ಮ ಬೈಕಂಪಾಡಿಯಲ್ಲಿ, ನವಮಂಗಳೂರು ಬಂದರಿನ ಪಕ್ಕದಲ್ಲಿ ಇರುವಂಥ ಘಟಕಗಳಿಗೆ ಅದು ಅನುಕೂಲದ ಮಾತು.

ಭಾಷಣಕ್ಕೂ ಆದೇಶಕ್ಕೂ ನಡುವೆ ಮೂರು ತಿಂಗಳಿಗೂ ಹೆಚ್ಚು ಕಾಲ ಇತ್ತು. ಗಂಟೆ ಹೊಡೆಯುತ್ತಲೇ ಇತ್ತು. ಆದರೆ ಹೊಡೆದದ್ದು ಯುದ್ಧದ ಸುದ್ದಿಯಲ್ಲಲ್ಲ, ವ್ಯಾಪಾರಿಗಳ ಸುತ್ತೋಲೆಯಲ್ಲಿ, ಎಣ್ಣೆ ಮಂಡಿಯ ಮಾತುಕತೆಯಲ್ಲಿ. ಮಲಯ್ ಮತ್ತು ಹಿಂದಿ ಎರಡನ್ನೂ ಓದಬಲ್ಲವನಿಗೆ, ಮಂಗಳೂರಿನಲ್ಲಿ ಒಬ್ಬ ಚಿಕ್ಕಪ್ಪ ಇರುವವಳಿಗೆ ಅದು ಕೇಳಿಸುವ ಸಾಧ್ಯತೆ ಹೆಚ್ಚಿತ್ತು. ನೀವು ಮಾದರಿ ಕಟ್ಟುವಾಗ ಯಾವ ಭಾಷೆಯ ಯಾವ ಕಾಗದಗಳನ್ನು ಒಳಗೆ ಬಿಡುತ್ತೀರಿ ಎಂಬುದನ್ನು ಆಯ್ಕೆ ಮಾಡುವವರು ನೀವೇ. ಯಂತ್ರ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಜಗಳ ಮುಗಿದದ್ದೂ ಅಂಕಿಗಳಿಂದಲ್ಲ. 2020ರ ಫೆಬ್ರವರಿ 24ರಂದು ಮಹಾತಿರ್ ರಾಜೀನಾಮೆ ಕೊಟ್ಟರು, ಹೊಸ ಸರ್ಕಾರ ಬಂತು. ಮೇ ತಿಂಗಳ ಹೊತ್ತಿಗೆ ಮಲೇಷ್ಯಾ ಭಾರತದಿಂದ 1,00,000 ಟನ್ ಅಕ್ಕಿ ಕೊಳ್ಳಲು ಒಪ್ಪಿತ್ತು, ಮತ್ತು ಭಾರತದ ವ್ಯಾಪಾರಿಗಳು ಮತ್ತೆ ಮಲೇಷ್ಯಾದ ಎಣ್ಣೆಗೆ ಬೆಲೆ ಕೇಳುತ್ತಿದ್ದರು.