ಮೋಟಾರಿಗೂ ಚಕ್ರಕ್ಕೂ ನಡುವೆ

ನಮ್ಮ ಅಡುಗೆಮನೆಗಳಲ್ಲಿ ಎರಡು ಬಗೆಯ ಮೋಟಾರುಗಳು ದಿನವೂ ದುಡಿಯುತ್ತಿವೆ. ಮಿಕ್ಸಿಯಲ್ಲಿ ಮೋಟಾರಿನ ದಂಡವೇ ನೇರವಾಗಿ ಜಾರಿನ ಅಲಗನ್ನು ತಿರುಗಿಸುತ್ತದೆ. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರಿನಲ್ಲಾದರೋ ಮೋಟಾರು ಒಂದು ಕಡೆ, ಕಲ್ಲು ಇನ್ನೊಂದು ಕಡೆ; ನಡುವೆ ಬೆಲ್ಟೋ ಹಲ್ಲುಗಾಲಿಯೋ ನಿಂತು, ಮೋಟಾರಿನ ವೇಗವನ್ನು ಇಳಿಸಿ, ಬಲವನ್ನು ಏರಿಸಿ ಕಲ್ಲಿಗೆ ತಲಪಿಸುತ್ತದೆ. ಮೊದಲನೆಯ ಏರ್ಪಾಡಿಗೆ ಇಂಜಿನಿಯರುಗಳು ‘ಡೈರೆಕ್ಟ್ ಡ್ರೈವ್’, ಎಂದರೆ ನೇರ ಚಾಲನೆ ಎಂದು ಹೆಸರಿಟ್ಟಿದ್ದಾರೆ. ನಡುವಿನ ಹಲ್ಲುಗಾಲಿ ಬೇಕೇ ಬೇಡವೇ ಎಂಬ ಈ ಪ್ರಶ್ನೆ ಇಂದು ರೋಬೋಟು ಸ್ಪರ್ಧೆಗಳಲ್ಲಿ ಪಾಲ್ಗೊಳ್ಳುವ ನಮ್ಮ ಕಾಲೇಜು ಮಕ್ಕಳ ಮುಂದಿದೆ. ಅದರ ಹಿಂದೆ ಒಂದು ಸ್ವಾರಸ್ಯಕರ ಚರಿತ್ರೆಯೂ ಇದೆ.

1821ರಲ್ಲಿ ಮೈಕೇಲ್ ಫ್ಯಾರಡೆ ಪಾದರಸದ ಬಟ್ಟಲಲ್ಲಿ ಅಯಸ್ಕಾಂತವೊಂದನ್ನು ನಿಲ್ಲಿಸಿ, ವಿದ್ಯುತ್ ಹರಿಯುವ ತಂತಿ ಅದರ ಸುತ್ತ ತಾನಾಗಿ ತಿರುಗುವುದನ್ನು ತೋರಿಸಿದನು. ಅದರಲ್ಲಿ ಹಲ್ಲುಗಾಲಿ ಇರಲಿಲ್ಲ. ಆದರೆ ಆ ತಂತಿ ಯಾವ ಕೆಲಸವನ್ನೂ ಮಾಡಲಾರದಾಗಿತ್ತು. ಮುಂದೆ ಕಾರ್ಖಾನೆಗಳ ದೊಡ್ಡ ಮೋಟಾರುಗಳು ಬಂದವು. ಪುಟ್ಟ ಮೋಟಾರು ಮಕ್ಕಳ ಕೈಗೆ ಅಗ್ಗವಾಗಿ ಸಿಕ್ಕಲು ಬಹುಕಾಲ ಬೇಕಾಯಿತು. ಜಪಾನಿನ ತಾಕಮಾತ್ಸು ಪಟ್ಟಣದಲ್ಲಿ ಕೆನಿಚಿ ಮಬುಚಿ ಎಂಬವರು 1947ರಲ್ಲಿ ಕುದುರೆ ಲಾಳದ ಆಕಾರದ ಅಯಸ್ಕಾಂತವಿಟ್ಟು ಒಂದು ಪುಟ್ಟ ಮೋಟಾರು ತಯಾರಿಸಿದರು. ಆಟಿಕೆಗಳಿಗೆಂದೇ ಬೆಳೆದ ಈ ಮೋಟಾರಿನ ವಂಶ ಇಂದು ಜಗತ್ತಿನ ತುಂಬ ಹರಡಿದೆ.

ಇಂಥ ಪುಟ್ಟ ಮೋಟಾರಿನ ಸ್ವಭಾವ ವಿಚಿತ್ರ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಆದರೆ ಎರಡು ಬೆರಳುಗಳಲ್ಲಿ ದಂಡವನ್ನು ಹಿಡಿದರೆ ನಿಂತುಬಿಡುತ್ತದೆ. ಆದ್ದರಿಂದ ಹಲ್ಲುಗಾಲಿಗಳ ಸರಣಿ ಅನಿವಾರ್ಯವಾಯಿತು. ಐವತ್ತಕ್ಕೆ ಒಂದರಂತೆ ವೇಗ ಇಳಿಸಿದರೆ ಬಲ ಸುಮಾರು ಐವತ್ತು ಪಟ್ಟು ಏರಬೇಕು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿ ಅನ್ವಯಿಸುತ್ತದೆ. ಒಂದೊಂದು ಜೊತೆ ಹಲ್ಲುಗಾಲಿಯೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಕಾರಿನ ವೈಪರ್ ಮೋಟಾರಿನಲ್ಲಿರುವಂಥ ತಿರುಪು ಗೇರಾದರೆ ಅರ್ಧಕ್ಕರ್ಧ ಶಕ್ತಿ ಶಾಖವಾಗಿ ಹೋದರೂ ಆಶ್ಚರ್ಯವಿಲ್ಲ.

ವಿದ್ಯಾರ್ಥಿಗಳ ಸ್ಪರ್ಧೆಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ವುಡಿ ಫ್ಲವರ್ಸ್ ಎಂಬ ಅಧ್ಯಾಪಕರು ಪ್ರತಿ ವಿದ್ಯಾರ್ಥಿಗೂ ಒಂದೇ ರೀತಿಯ ಹಳೆಯ ಸಾಮಾನಿನ ಚೀಲ ಕೊಟ್ಟು, ಅದರಿಂದಲೇ ಯಂತ್ರ ಕಟ್ಟಿ ಸ್ಪರ್ಧಿಸುವಂತೆ ಮಾಡಿದರು. ಜಪಾನಿನಲ್ಲಿ ಪ್ರೊಫೆಸರ್ ಮಸಾಹಿರೊ ಮೋರಿಯವರ ಪ್ರೇರಣೆಯಿಂದ ಬೆಳೆದ ಸ್ಪರ್ಧೆಯನ್ನು ಅಲ್ಲಿನ ಪ್ರಸಾರ ಸಂಸ್ಥೆ ಎನ್.ಎಚ್.ಕೆ. 1988ರಲ್ಲಿ ತಾಂತ್ರಿಕ ಶಾಲೆಗಳಿಗಾಗಿ ಆರಂಭಿಸಿತು. ಮೊದಲ ವರ್ಷದ ಪಂಥವೇನೆಂದರೆ, ಕೇವಲ ಎರಡು ಟಾರ್ಚ್ ಸೆಲ್ಲುಗಳ ಶಕ್ತಿಯಿಂದ ಒಬ್ಬ ವಿದ್ಯಾರ್ಥಿಯನ್ನು ಹೊತ್ತು ಓಡುವ ಗಾಡಿ! ಅಷ್ಟು ಬಡ ಶಕ್ತಿಯಲ್ಲಿ ಹಲ್ಲುಗಾಲಿಗೆ ಎಷ್ಟು ಕಂದಾಯ ಕಟ್ಟುವುದು ಎಂಬ ಲೆಕ್ಕವೇ ಗೆಲುವು ಸೋಲನ್ನು ತೀರ್ಮಾನಿಸುತ್ತದೆ. ಇದೇ ಪರಂಪರೆಯ ಏಷ್ಯಾ-ಪೆಸಿಫಿಕ್ ಸ್ಪರ್ಧೆ 2002ರಲ್ಲಿ ಟೋಕಿಯೊದಲ್ಲಿ ಆರಂಭವಾಗಿ 2008ರಲ್ಲಿ ಪುಣೆಗೆ ಬಂದಿತು. ಆ ವರ್ಷದ ವಿಷಯ ನಮ್ಮ ಗೋಕುಲಾಷ್ಟಮಿಯ ಮೊಸರು ಗಡಿಗೆ. 2014ರಲ್ಲಿ ಪುಣೆಯೇ ಮತ್ತೊಮ್ಮೆ ಆತಿಥ್ಯ ವಹಿಸಿತು.

ನೇರ ಚಾಲನೆ ಮೊದಲು ಬೇರೂರಿದ್ದು ಇನ್ನೊಂದು ಸ್ಪರ್ಧೆಯಲ್ಲಿ. 1977ರಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಪತ್ರಿಕೆಯೊಂದು ‘ಮೈಕ್ರೋಮೌಸ್’ ಪಂಥವನ್ನು ಸಾರಿತು. ಪುಟ್ಟ ಯಂತ್ರದ ಇಲಿ ಚಕ್ರವ್ಯೂಹದಲ್ಲಿ ತಾನೇ ದಾರಿ ಹುಡುಕಬೇಕು. 1979ರಲ್ಲಿ ನ್ಯೂಯಾರ್ಕಿನಲ್ಲಿ ಅಂತಿಮ ಸುತ್ತು ನಡೆಯಿತು. 1985ರಲ್ಲಿ ಜಪಾನಿನ ತ್ಸುಕುಬಾದಲ್ಲಿ ವಿಶ್ವ ಸ್ಪರ್ಧೆಯೇ ಆಯಿತು. 1980ರ ದಶಕದ ಅನೇಕ ಇಲಿಗಳಿಗೆ ಸ್ಟೆಪರ್ ಮೋಟಾರಿನ ದಂಡಕ್ಕೇ ಚಕ್ರ ತೊಡಿಸುತ್ತಿದ್ದರು. ಈ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಚಕ್ರದ ಸುತ್ತಳತೆ 16 ಸೆಂಟಿಮೀಟರಾದರೆ ಒಂದು ಹೆಜ್ಜೆಗೆ 0.8 ಮಿಲಿಮೀಟರು. ಹೆಜ್ಜೆ ಎಣಿಸಿದರೆ ದೂರ ತಿಳಿಯಿತು. ಹಲ್ಲುಗಾಲಿಯ ಸಂದಿನ ಸಡಿಲವಿಲ್ಲದ್ದರಿಂದ ಲೆಕ್ಕ ತಪ್ಪುವುದೂ ಕಡಿಮೆ. ಆದರೆ ಈ ಮೋಟಾರು ಭಾರ. ನಿಂತಲ್ಲಿಯೂ ವಿದ್ಯುತ್ ಕುಡಿದು ಬಿಸಿಯಾಗುತ್ತದೆ.

ಅದೇ ಕಾಲದಲ್ಲಿ ಬೇರೆ ಕಡೆಗಳಲ್ಲಿಯೂ ಹಲ್ಲುಗಾಲಿ, ಬೆಲ್ಟುಗಳನ್ನು ಕಿತ್ತುಹಾಕುವ ಯತ್ನ ನಡೆದಿತ್ತು. 1970ರಲ್ಲಿ ಜಪಾನಿನ ಮತ್ಸುಶಿತಾ ಕಂಪನಿ ತನ್ನ ‘ಟೆಕ್ನಿಕ್ಸ್’ ಹೆಸರಿನಲ್ಲಿ, ಮೋಟಾರೇ ನೇರವಾಗಿ ರೆಕಾರ್ಡಿನ ತಟ್ಟೆಯನ್ನು ತಿರುಗಿಸುವ ಪ್ಲೇಯರನ್ನು ಮಾರುಕಟ್ಟೆಗೆ ತಂದಿತು. 1981ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹಾರುಹಿಕೊ ಅಸಾದ ಮತ್ತು ತಾಕೆಯೊ ಕಾನಾದೆ ಹಲ್ಲುಗಾಲಿಯೇ ಇಲ್ಲದ ಯಂತ್ರದ ತೋಳನ್ನು ಕಟ್ಟಿದರು. ಇದು ಸಾಧ್ಯವಾದದ್ದು ಸಮೇರಿಯಂ-ಕೋಬಾಲ್ಟ್ ಎಂಬ ಬಲಿಷ್ಠ ಅಯಸ್ಕಾಂತದಿಂದ. 1982ರಲ್ಲಿ ಮಸಾತೊ ಸಗಾವಾ ಅದಕ್ಕಿಂತಲೂ ಪ್ರಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ರೂಪಿಸಿದರು. ಹಲ್ಲುಗಾಲಿ ಎಂಬುದು ದುರ್ಬಲ ಅಯಸ್ಕಾಂತಕ್ಕೆ ಮನುಷ್ಯ ಕೊಟ್ಟ ಊರುಗೋಲು. ಅಯಸ್ಕಾಂತ ಬಲಿತಂತೆಲ್ಲ ಊರುಗೋಲಿನ ಅಗತ್ಯ ಕಡಿಮೆಯಾಯಿತು ಎನ್ನಬಹುದು.

ಈ ಬಲವನ್ನು ಸಾಮಾನ್ಯರ ಮೇಜಿಗೆ ತಂದವರು ಹವ್ಯಾಸಿಗಳು. 2000ದ ನಂತರದ ಮೊದಲ ವರ್ಷಗಳಲ್ಲಿ ಮಾದರಿ ವಿಮಾನ ಹಾರಿಸುವವರು ಕೆಟ್ಟುಹೋದ ಸಿ.ಡಿ. ಡ್ರೈವುಗಳಿಂದ ಮೋಟಾರು ಕಿತ್ತು, ಕೂದಲೆಳೆಯಂಥ ತಂತಿಯನ್ನು ಬಿಚ್ಚಿ, ದಪ್ಪ ತಂತಿಯನ್ನು ಸುತ್ತಿ, ಹೊರಗಿನ ಬಟ್ಟಲಿನ ಒಳಗೋಡೆಗೆ ನಿಯೋಡಿಮಿಯಂ ತುಣುಕುಗಳನ್ನು ಅಂಟಿಸತೊಡಗಿದರು. ನಮ್ಮ ಸೀಲಿಂಗ್ ಫ್ಯಾನಿನಂತೆ ಇದರಲ್ಲಿಯೂ ಒಳಗಿನ ಸುರುಳಿ ಸ್ಥಿರ, ಹೊರಗಿನ ಬಟ್ಟಲು ತಿರುಗುತ್ತದೆ. ಆ ಬಟ್ಟಲಿಗೇ ಚಕ್ರ ಕೂರಿಸಿದರೆ ರೋಬೋಟಿಗೆ ನೇರ ಚಾಲನೆ ಸಿದ್ಧ.

ಇಲ್ಲಿ ಹಲವರಿಗೆ ಒಂದು ಭ್ರಮೆ ಉಂಟು. ತಂತಿಯನ್ನು ಹೆಚ್ಚು ಸುತ್ತು ಸುತ್ತಿದರೆ ಬಲ ಪುಕ್ಕಟೆಯಾಗಿ ಬರುತ್ತದೆ ಎಂದು. ಲೆಕ್ಕ ಹಾಕಿ ನೋಡೋಣ. ಅದೇ ಜಾಗದಲ್ಲಿ ಸುತ್ತುಗಳನ್ನು ಎರಡರಷ್ಟು ಮಾಡಿದರೆ ತಂತಿಯ ದಪ್ಪದ ಕ್ಷೇತ್ರಫಲ ಅರ್ಧವಾಗುತ್ತದೆ, ಉದ್ದ ಎರಡರಷ್ಟಾಗುತ್ತದೆ. ರೋಧ ನಾಲ್ಕು ಪಟ್ಟಾಯಿತು. ಅದೇ ಬಲಕ್ಕೆ ಈಗ ಅರ್ಧ ಪ್ರವಾಹ ಸಾಕು. ಶಾಖವೆಂದರೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದ್ದು: ಕಾಲು ಭಾಗ ಗುಣಿಸು ನಾಲ್ಕು, ಮೊದಲಿನಷ್ಟೇ! ಸುತ್ತು ಬದಲಿಸುವುದರಿಂದ ಮೋಟಾರನ್ನು ಬ್ಯಾಟರಿಗೂ ಬೇಕಾದ ವೇಗಕ್ಕೂ ಹೊಂದಿಸಬಹುದು, ಅಷ್ಟೆ. ನಿಜವಾದ ಲಾಭ ಬರುವುದು ಅಯಸ್ಕಾಂತದ ಬಲದಿಂದ, ತಾಮ್ರ ಎಷ್ಟು ಒತ್ತಾಗಿ ಕೂತಿದೆ ಎಂಬುದರಿಂದ, ಮತ್ತು ಮೋಟಾರಿನ ಅಗಲದಿಂದ. ನೇರ ಚಾಲನೆಯ ಮೋಟಾರುಗಳು ದೋಸೆಯಂತೆ ಅಗಲವಾಗಿ ಚಪ್ಪಟೆಯಾಗಿರುವುದು ಇದಕ್ಕೇ.

ಇಷ್ಟೆಲ್ಲ ಕಷ್ಟಪಟ್ಟು ಹಲ್ಲುಗಾಲಿಯನ್ನು ತೆಗೆಯುವುದೇಕೆ? ಐವತ್ತು ಪಟ್ಟಿನ ಗೇರಿದ್ದರೆ ಚಕ್ರದ ಕಡೆಯಿಂದ ನೋಡಿದಾಗ ಮೋಟಾರಿನ ಜಡತ್ವ ಐವತ್ತರ ವರ್ಗ, ಎಂದರೆ 2500 ಪಟ್ಟು ದೊಡ್ಡದಾಗಿ ಕಾಣುತ್ತದೆ. ರೋಬೋಟಿನ ಕಾಲು ನೆಲಕ್ಕೆ ಬಡಿದದ್ದು ಮೋಟಾರಿಗೆ ಗೊತ್ತೇ ಆಗುವುದಿಲ್ಲ. ಹತ್ತು ಮೇಜು ದಾಟಿ ಬರುವ ಅರ್ಜಿಯಂತೆ ಸುದ್ದಿ ನಡುವೆಯೇ ಉಳಿದುಬಿಡುತ್ತದೆ. ಹಲ್ಲುಗಾಲಿ ಇಲ್ಲದಿದ್ದರೆ ಹರಿಯುವ ಪ್ರವಾಹವನ್ನು ಅಳೆದೇ ನೆಲದ ಒತ್ತಡವನ್ನು ಅರಿಯಬಹುದು. 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ‘ಮಿನಿಟಾರ್’ ಎಂಬ ನಾಲ್ಕು ಕಾಲಿನ ರೋಬೋಟು ಹಲ್ಲುಗಾಲಿಗಳಿಲ್ಲದೆಯೇ ಓಡಿ ಜಿಗಿಯುವುದನ್ನು ಅದನ್ನು ಕಟ್ಟಿದವರು ವಿವರಿಸಿದರು. ಎಂ.ಐ.ಟಿ.ಯಲ್ಲಿ ಬೆನ್ ಕ್ಯಾಟ್ಜ್ ಎಂಬ ವಿದ್ಯಾರ್ಥಿ ಹವ್ಯಾಸಿಗಳ ಮೋಟಾರನ್ನೇ ಆರಿಸಿಕೊಂಡು, ಅದರ ಹೊಟ್ಟೆಯ ಟೊಳ್ಳಿನಲ್ಲಿ ಆರಕ್ಕೆ ಒಂದರ ಸಣ್ಣ ಗೇರು ಕೂರಿಸಿದರು. ಅಂಥ 12 ಮೋಟಾರುಗಳ, 9 ಕಿಲೋ ತೂಕದ ‘ಮಿನಿ ಚೀತಾ’ 2019ರಲ್ಲಿ ಹಿಂದಕ್ಕೆ ಪಲ್ಟಿ ಹೊಡೆದು ತೋರಿಸಿತು. ಗೇರು ಮರಳಿ ಬಂದಿತು, ಆದರೆ ಅಳತೆಯರಿತು ಬಂದಿತು.

ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವುದು ಮುಚ್ಚಿದ ಮೋಟಾರನ್ನು ಬಿಚ್ಚಿ ನೋಡಿದವರ ಕೈ. ಆದರೆ 1992ರಲ್ಲಿ 28 ತಂಡಗಳಿಂದ ಆರಂಭವಾಗಿ ಇಂದು ಹಲವು ದೇಶಗಳಿಗೆ ಹಬ್ಬಿರುವ ಅಮೆರಿಕದ ‘ಫಸ್ಟ್’ ಸ್ಪರ್ಧೆಯ ನಿಯಮದಂತೆ ಮೋಟಾರಿನ ಒಳಗನ್ನು ಮುಟ್ಟುವಂತಿಲ್ಲ. ಇದರ ಹಿಂದಿನ ನ್ಯಾಯ ಅರ್ಥವಾಗುವಂಥದು: ಹಣವುಳ್ಳ ತಂಡ ವಿಶೇಷ ಮೋಟಾರು ಮಾಡಿಸಿಕೊಂಡರೆ ಬಡ ಶಾಲೆಯ ಮಕ್ಕಳು ಕಣದಲ್ಲಿ ಉಳಿಯಲಾರರು. ಸ್ಪರ್ಧೆಯ ದಿನಕ್ಕೆ ಆ ನಿಯಮ ಸರಿ. ವರ್ಷದ ಉಳಿದ ದಿನಗಳಿಗೂ ಅದನ್ನೇ ಹಿಗ್ಗಿಸಿದರೆ ಮಾತ್ರ ನಷ್ಟ. ಸಿದ್ಧ ಮೋಟಾರನ್ನು ಕೊಂಡು ತಂತಿ ಜೋಡಿಸುವ ಹುಡುಗನಿಗೆ ಅದು ಏಕೆ ಬಿಸಿಯಾಯಿತೆಂದು ತಿಳಿಯದು. 2025ರ ಏಪ್ರಿಲಿನಲ್ಲಿ ಚೀನಾ ಕೆಲವು ವಿರಳ ಲೋಹಗಳ ಮತ್ತು ಅವುಗಳ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳೂ ಚಿಂತೆಗೊಳಗಾದವು. ಮೋಟಾರಿನ ಒಳಗನ್ನು ಬಲ್ಲವರು ದೇಶಕ್ಕೆ ಎಷ್ಟು ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ವಿದ್ಯೆಯ ಒಂದು ಪಾಲು ನಮ್ಮ ಬೀದಿಗಳಲ್ಲೇ ಇದೆ. ಮುಂಬಯಿಯಾಗಲಿ ಬೆಂಗಳೂರಾಗಲಿ, ಫ್ಯಾನು ಪಂಪುಗಳ ಸುಟ್ಟ ಕಾಯಿಲು ಬಿಚ್ಚಿ, ಸುತ್ತು ಎಣಿಸಿ, ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳು ಇನ್ನೂ ಇವೆ. ಕಾಲೇಜಿನ ಸೂತ್ರವೂ ಆ ಕೈಗಳ ಅನುಭವವೂ ಒಂದೇ ಮೇಜಿನ ಮೇಲೆ ಸೇರಬೇಕು. ರಜೆಯಲ್ಲಿ ಮಕ್ಕಳನ್ನು ಒಂದು ವಾರ ಅಂಥ ಅಂಗಡಿಗೆ ಕಳುಹಿಸುವ ಏರ್ಪಾಡನ್ನು ನಮ್ಮಂಥ ಸಂಘಗಳು ಮಾಡಬಾರದೇಕೆ? ಖರ್ಚು ಹೆಚ್ಚಿಲ್ಲ, ಬೇಕಾದದ್ದು ಒಂದು ಸುಟ್ಟ ಫ್ಯಾನು, ಸ್ವಲ್ಪ ತಾಮ್ರದ ತಂತಿ, ಮತ್ತು ಕೈ ಕೊಳೆಯಾದರೆ ಗದರಿಸದ ತಂದೆತಾಯಿ.