ಸೊಪ್ಪಿನ ಬೆಟ್ಟ, ಒಣಕಸ ಮತ್ತು ಹಕ್ಕಿನ ಪ್ರಶ್ನೆ

ಶಿರಸಿ, ಯಲ್ಲಾಪುರ ಮತ್ತು ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯ ಅಡಿಕೆ ಸೀಮೆಗೆ, ಬಳಸಿದ್ದು ಮತ್ತೆ ಬಳಕೆಗೆ ಬರುವ ವೃತ್ತಾಕಾರದ ಆರ್ಥಿಕತೆಯ ತತ್ತ್ವ ಹೊಸದಲ್ಲ. ಬೆಟ್ಟದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಗೆ ಹಾಸಾಗುತ್ತದೆ. ಸಗಣಿ, ಗಂಜಳ ಕೂಡಿ ಗೊಬ್ಬರವಾಗಿ ತೋಟ ಸೇರುತ್ತದೆ. ಉದುರಿದ ಹಾಳೆ ಊಟದ ತಟ್ಟೆಯಾಗುತ್ತದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ತರಲು ಬಿಟ್ಟ ಕಾಡಿನ, ಸವಲತ್ತಿದೆ. ಆದರೆ ಅದು ತೋಟ ಇದ್ದವರಿಗೆ ಮಾತ್ರ. ಸೊಪ್ಪು ಕಡಿದು ಹೊತ್ತು ತರುವ ಕೂಲಿಕಾರರಿಗೆ ಆ ಸೊಪ್ಪಿನ ಮೇಲೆ ಹಕ್ಕಿಲ್ಲ. ವಸ್ತು ಮರುಬಳಕೆಯಾದ ಮಾತ್ರಕ್ಕೆ ಅಸಮಾನತೆ ತಗ್ಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನ ಕೊಳೆಗೇರಿಗಳಲ್ಲಿ, ದುಡಿದವರಿಗೆ ಹಕ್ಕೇನು ಎಂಬ ಇದೇ ಪ್ರಶ್ನೆ ಒಣಕಸದ ರೂಪದಲ್ಲಿ ಎದುರಾಯಿತು. ಚಿಂದಿ ಆಯುವವರು ದಶಕಗಳಿಂದ ರಸ್ತೆಬದಿಯ ರಾಶಿ ಕೆದಕಿ, ಸಿಕ್ಕಿದ್ದನ್ನು ಗುಜರಿ ಅಂಗಡಿಗೆ ಕೊಟ್ಟು ಬದುಕುತ್ತಿದ್ದರು. ನಗರದ ಕಸದ ಭಾರ ಇಳಿಸುತ್ತಿದ್ದವರನ್ನೇ ಕಳ್ಳರೆಂದು ಶಂಕಿಸುವುದೂ ಇತ್ತು. 2011ರಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಇವರಿಗೆ ಗುರುತಿನ ಚೀಟಿ ನೀಡತೊಡಗಿತು. ಮರುವರ್ಷ, ನಗರದ ಕಸ ತಂದು ಹಾಕುತ್ತಿದ್ದ ಮಾವಳ್ಳಿಪುರದ ಜನರ ಪ್ರತಿರೋಧದಿಂದ ಅಲ್ಲಿಗೆ ಕಸ ಸುರಿಯುವುದು ನಿಂತಿತು. ಹಾಗಾಗಿ ಮನೆಯಲ್ಲೇ ಕಸ ವಿಂಗಡಿಸುವ ಒತ್ತಾಯ ಬಲವಾಯಿತು. ವಾರ್ಡ್‌ಗಳಲ್ಲಿ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳು ತೆರೆದವು. ಚಿಂದಿ ಆಯುವವರ ಪರ ದುಡಿಯುವ 'ಹಸಿರು ದಳ' ಸಂಸ್ಥೆಯ ಬೆಂಬಲದಿಂದ ಇಂಥ ಹಲವು ಕೇಂದ್ರಗಳನ್ನು ಚಿಂದಿ ಆಯುತ್ತಿದ್ದವರೇ ವಹಿಸಿಕೊಂಡರು.

ಬದಲಾವಣೆಯ ಬೇರು ಇಲ್ಲಿದೆ. ಕಲಬೆರಕೆ ಚೀಲಕ್ಕೆ ಗುಜರಿಯವನು ಕೊಟ್ಟದ್ದೇ ಬೆಲೆ. ರಟ್ಟು, ನೀರಿನ ಬಾಟಲಿ, ತೊಳೆದ ಹಾಲಿನ ಕವರ್ ಬೇರೆಬೇರೆಯಾಗಿ, ಹಸಿಕಸ ತಾಗದೆ ಒಟ್ಟಾದರೆ ಚೌಕಾಸಿಯ ಬಲ ವಿಂಗಡಿಸಿದವರ ಕೈಗೆ ಬರುತ್ತದೆ. ಹಾಗಾಗಿ ಸೂರು, ತಕ್ಕಡಿ, ನೀರು, ಶೌಚಾಲಯ ಇವೆಲ್ಲ ಕೇಂದ್ರದ ವಿನ್ಯಾಸದ ಮುಖ್ಯ ಅಂಗಗಳೇ. ಹೆಂಗಸರೇ ಹೆಚ್ಚಾಗಿ ವಿಂಗಡಿಸುವ ಕಡೆ ಶೌಚಾಲಯವಿಲ್ಲದ ಕಟ್ಟಡವನ್ನು ವಿನ್ಯಾಸವೆಂದು ಕರೆಯುವುದೇ ತಪ್ಪು. 2019ರಲ್ಲಿ ಬ್ರಿಟನ್ ಮೂಲದ ಸೌಂದರ್ಯವರ್ಧಕ ಕಂಪನಿ 'ದಿ ಬಾಡಿ ಶಾಪ್' ಬೆಂಗಳೂರಿನ ಚಿಂದಿ ಆಯುವವರು ಒಟ್ಟುಗೂಡಿಸಿದ ಪ್ಲಾಸ್ಟಿಕ್ ಕೊಳ್ಳಲು ಮುಂದಾಯಿತು. ದೂರದ ಖರೀದಿದಾರ ಸಿಕ್ಕಿದ್ದು ದೊಡ್ಡದೇ, ಆದರೂ ಕಚ್ಚಾ ತೈಲ ಅಗ್ಗವಾದಾಗ ಹೊಸ ಪ್ಲಾಸ್ಟಿಕ್ಕೂ ಅಗ್ಗವಾಗಿ ಹಳೆಯದರ ಬೆಲೆ ಕುಸಿಯುತ್ತದೆ. ಚಿಪ್ಸ್ ಪೊಟ್ಟಣದಂಥ ಹಲವು ಪದರದ ಪ್ಲಾಸ್ಟಿಕ್ಕಿಗಂತೂ ಕೊಳ್ಳುವವರೇ ವಿರಳ.

2016ರ ಘನತ್ಯಾಜ್ಯ ನಿಯಮಗಳು ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ತರುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಅಷ್ಟು ಸಾಲದು. ವಾರ್ಡ್‌ನ ಒಣಕಸದ ಮೇಲೆ ಮೊದಲ ಹಕ್ಕು ಯಾರದೆಂದು ಗುತ್ತಿಗೆ ಪತ್ರದಲ್ಲೇ ಬರೆಯಬೇಕು. ಬೆಲೆಯಿಲ್ಲದ ಪ್ಲಾಸ್ಟಿಕ್ ವಿಂಗಡಿಸಿದ್ದಕ್ಕೆ ಅದನ್ನು ಮಾರುಕಟ್ಟೆಗೆ ಬಿಟ್ಟ ಕಂಪನಿಗಳು ಕೂಲಿ ತೆರಬೇಕು. ಶಿರಸಿಯಂಥ ಪಟ್ಟಣಗಳ ನಗರಸಭೆಗಳು ದೊಡ್ಡ ಗುತ್ತಿಗೆದಾರರೊಡನೆ ಒಪ್ಪಂದಕ್ಕೆ ಕೂರುವ ಮೊದಲೇ ಈ ಹಕ್ಕಿನ ಪ್ರಶ್ನೆಯನ್ನು ತೀರ್ಮಾನಿಸಿಕೊಳ್ಳಬಹುದು.